ತಾತ ಯಾವ ಪಲ್ಟಣದಲ್ಲಿದ್ದರು?

ಆರ್.ಟಿ. ನಗರದ ಮಗ್ಗುಲಲ್ಲೇ ಇರುವ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೀನ್‌ಗಳಿಗೆ ಹೋಗಿ ಅಲ್ಲೇ ಮಣ್ಣಾದ ಸವಾರರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಅದೇ ಜೆ.ಸಿ. ನಗರದಲ್ಲಿ ಈಗ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ; ಹೆಬ್ಬಾಳದ ದಿಕ್ಕಿಗೆ ಸರಿದರೆ ವಾಯುಪಡೆಯ ತರಬೇತಿ ಕಮಾಂಡಿನ ಪ್ರಧಾನ ಕಚೇರಿ; ಇನ್ನೂ ಮುಂದೆ ಯಲಹಂಕದಲ್ಲಿ ವಾಯುನೆಲೆ, ಬಿಎಸ್‌ಎಫ್ ಮತ್ತು ಸಿಆರ್‌ಪಿಎಫ್ ಆವರಣಗಳು. ಇಷ್ಟೊಂದು ಸಮವಸ್ತ್ರ ಕಂಡ ಈ ಸೀಮೆಯ ಹಳೆಯ ಮನೆಗಳಲ್ಲಿ ‘ನಮ್ಮ ಮುತ್ತಾತ ಮಿಲಿಟ್ರಿಯಲ್ಲಿದ್ದ’, ‘ದೊಡ್ಡಪ್ಪ ಬರ್ಮಾ ಲಡಾಯಿಗೆ ಹೋಗಿದ್ದ’ ಎಂಬ ಮಾತು ಆಗಾಗ ಬರುತ್ತದೆ. ಯಾವ ಪಡೆ, ಯಾವ ವರ್ಷ ಎಂದು ಕೇಳಿದರೆ ಹೇಳುವವರೇ ತಡವರಿಸುತ್ತಾರೆ.

ಹುಡುಕಲು ಹೊರಟವರು ಸಾಮಾನ್ಯವಾಗಿ ಹೆಸರು ಹಿಡಿದು ಹೊರಡುತ್ತಾರೆ, ಬೇಗ ಸೋಲುತ್ತಾರೆ. ಮುನಿಯಪ್ಪ, ಮುನಿಸ್ವಾಮಿ, ರಂಗಯ್ಯ, ಅಬ್ದುಲ್ ರೆಹಮಾನ್ ಎಂಬ ಹೆಸರಿನವರು ಸೇನೆಯ ದಫ್ತರಗಳಲ್ಲಿ ಲೆಕ್ಕವಿಲ್ಲದಷ್ಟು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಅವರಿಗೆ ಸಂಬಳ ಕೊಟ್ಟವರು ಯಾರು? ಮೈಸೂರು ಮಹಾರಾಜರೇ, ಬ್ರಿಟಿಷ್ ಭಾರತ ಸರ್ಕಾರವೇ, ಸ್ವತಂತ್ರ ಭಾರತದ ರಕ್ಷಣಾ ಇಲಾಖೆಯೇ, ಗೃಹ ಇಲಾಖೆಯೇ? ಯಾರ ಉಪ್ಪು ತಿಂದರೋ ಅವರ ದಫ್ತರದಲ್ಲೇ ಕಾಗದ ಉಳಿದಿರುತ್ತದೆ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಟ್ರಂಕು ತೆರೆಯಿರಿ

ಹುಡುಕಾಟ ಶುರುವಾಗಬೇಕಾದದ್ದು ಮನೆಯ ಅಟ್ಟದಿಂದ. ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸೈನಿಕನ ನಂಬರು, ದರ್ಜೆ, ಪಡೆ, ಸೇರಿದ ಮತ್ತು ಬಿಟ್ಟ ದಿನಾಂಕಗಳು ಅದರಲ್ಲಿರುತ್ತವೆ. ಅದಿಲ್ಲದಿದ್ದರೆ ಪಿಂಚಣಿಯ ಪಿಪಿಒ, ಅಂದರೆ ಪೆನ್ಷನ್ ಪಾವತಿ ಆದೇಶ. ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ಬ್ಯಾಂಕಿನಲ್ಲಿ ಆ ನಂಬರು ಇದ್ದೇ ಇರುತ್ತದೆ. ಭೂಸೇನೆಯವರ ಪಿಂಚಣಿ ಆದೇಶಗಳು ಹೊರಡುವುದು ಅಲಹಾಬಾದಿನಿಂದ, ಇಂದಿನ ಪ್ರಯಾಗರಾಜದಿಂದ. ಹಳೆಯ ಕಾಗದದ ಮೇಲೆ ಆ ಊರಿನ ಹೆಸರು ಕಂಡರೆ ಯಾರದೋ ಪತ್ರವೆಂದು ಪಕ್ಕಕ್ಕಿಡಬಾರದು.

ಕಾಗದ ಗೆದ್ದಲು ತಿಂದಿದ್ದರೂ ಪದಕ ಉಳಿದಿರುತ್ತದೆ. ಮೊದಲ ಮಹಾಯುದ್ಧದ ದುಂಡನೆಯ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಪಡೆಯನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್‌ನಂಥ ನಕ್ಷತ್ರಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆಯೇ ಕೊಟ್ಟರು. ಭಾರತೀಯ ಸೈನಿಕರಿಗೆ ಕೊಟ್ಟವುಗಳ ಹಿಂಬದಿಯಲ್ಲಿ ಮಾತ್ರ ಸಾಮಾನ್ಯವಾಗಿ ಹೆಸರು, ನಂಬರು ಕೆತ್ತಿರುತ್ತದೆ. ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬೀಳಿಸಿ ಓದಬೇಕು. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ಅಕ್ಷರ ಸವೆಯುತ್ತದೆ.

ಸ್ವಾತಂತ್ರ್ಯಾನಂತರದ ಪದಕಗಳು ಕಾಲವನ್ನೂ ಜಾಗವನ್ನೂ ಹೇಳುತ್ತವೆ. ಸಮರ ಸೇವಾ ಸ್ಟಾರ್ 1965ರ ಯುದ್ಧದ್ದು. 1971ರಲ್ಲಿ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಸಂಗ್ರಾಮ್ ಪದಕವೂ ಅದೇ ಯುದ್ಧದ್ದಾದರೂ ಅದನ್ನು ಬಹಳ ವ್ಯಾಪಕವಾಗಿ ಹಂಚಿದ್ದರಿಂದ, ಅದೊಂದನ್ನೇ ನೋಡಿ ‘ತಾತ ಢಾಕಾದಲ್ಲಿದ್ದರು’ ಎಂದು ತೀರ್ಮಾನಿಸುವಂತಿಲ್ಲ.

ಫೋಟೊ ಇದ್ದರೆ ಟೋಪಿ, ಭುಜ, ಗುಂಡಿ, ಬೆಲ್ಟಿನ ಬಿಲ್ಲೆಗಳನ್ನು ದೊಡ್ಡದು ಮಾಡಿ ನೋಡಬೇಕು. ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನದ ಪಡೆ. ಆನೆ ಕಂಡರೆ ಮದ್ರಾಸ್ ರೆಜಿಮೆಂಟ್ ಇರಬಹುದು. ಫೋಟೊದ ಹಿಂದೆ ಸ್ಟುಡಿಯೊದ ಮುದ್ರೆ ಇದ್ದರೆ ಅದೂ ಊರಿನ ಸುಳಿವೇ.

ಮನೆಯವರ ಬಾಯಲ್ಲಿ ಉಳಿದ ದರ್ಜೆಯ ಹೆಸರೂ ದಾರಿ ತೋರಿಸುತ್ತದೆ. ಸವಾರ, ದಫೇದಾರ, ರಿಸಾಲ್ದಾರ ಎಂದರೆ ಕುದುರೆ ಪಡೆ ಅಥವಾ ಅದರ ವಂಶದ ಟ್ಯಾಂಕ್ ಪಡೆ. ಸಿಪಾಯಿ, ಹವಾಲ್ದಾರ್, ಸುಬೇದಾರ್ ಎಂದರೆ ಕಾಲಾಳು ಪಡೆಯ ಕಡೆ. ಸ್ಯಾಪರ್ ಎಂದರೆ ಎಂಜಿನಿಯರುಗಳ ಪಡೆ. ಸೇನೆಯಲ್ಲಿ ಜಮಾದಾರ್ ಎಂಬ ದರ್ಜೆಯನ್ನು 1965ರಲ್ಲಿ ನಾಯಬ್ ಸುಬೇದಾರ್ ಎಂದು ಬದಲಿಸಿದ್ದರಿಂದ, ಆ ಪದವಿ ಹೊತ್ತವರ ಸೇವೆ ಅದಕ್ಕಿಂತ ಹಿಂದಿನದು. ಆದರೆ ಇಲ್ಲೊಂದು ಎಚ್ಚರ ಬೇಕು: ಮೈಸೂರು ಸರ್ಕಾರದ ಕಚೇರಿಗಳಲ್ಲೂ ಜಮಾದಾರರು, ದಫೇದಾರರು ಇದ್ದರು. ಅಮಲ್ದಾರರ ಕಚೇರಿಯ ಪಟ್ಟೆಧಾರಿ ದಫೇದಾರ ಮೂರು ತಲೆಮಾರು ದಾಟುವಷ್ಟರಲ್ಲಿ ಯುದ್ಧವೀರನಾಗಿ ಬಿಡುವುದು ಅಪರೂಪವೇನಲ್ಲ.

ಒಂದೇ ಊರು, ಎರಡು ಸರ್ಕಾರ

ಬೆಂಗಳೂರಿನವರಿಗೆ ಉಳಿದ ಊರಿನವರಿಗಿಲ್ಲದ ತೊಡಕೊಂದಿದೆ. 1947ರವರೆಗೆ ದಂಡು ಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷರ ಆಡಳಿತದಲ್ಲಿತ್ತು. ಯಲಹಂಕ, ಹೆಬ್ಬಾಳ, ಯಶವಂತಪುರ ಮೈಸೂರು ಸಂಸ್ಥಾನದ ಹಳ್ಳಿಗಳು. ಹೆಬ್ಬಾಳದ ಹುಡುಗ ಮಹಾರಾಜರ ಲ್ಯಾನ್ಸರ್ಸ್‌ಗೆ ಸೇರಬಹುದಿತ್ತು. ಮನಸ್ಸು ಮಾಡಿದರೆ ದಂಡಿಗೆ ನಡೆದು ಹೋಗಿ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಗೂ ಸೇರಬಹುದಿತ್ತು. ಮೊದಲನೆಯದು ಸಂಸ್ಥಾನದ ಸೇನೆ, ಎರಡನೆಯದು ಬ್ರಿಟಿಷ್ ಭಾರತದ ಸೇನೆ. ಒಂದೇ ಬೀದಿಯ ಇಬ್ಬರ ಕಾಗದಗಳು ಎರಡು ಬೇರೆ ದಾರಿ ಹಿಡಿದದ್ದು ಹೀಗೆ.

ಸಂಸ್ಥಾನದ ಪಡೆಯವರಾದರೆ ಮೊದಲ ನಿಲ್ದಾಣ ಕರ್ನಾಟಕ ರಾಜ್ಯ ಪತ್ರಾಗಾರ. ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ, ಮೈಸೂರಿನಲ್ಲಿ ವಿಭಾಗೀಯ ಕಚೇರಿ ಇದೆ. ಮೈಸೂರು ಸರ್ಕಾರದ ಕಡತಗಳನ್ನು ಇಲಾಖೆ ಮತ್ತು ವರ್ಷದ ಪ್ರಕಾರ ಸೂಚಿ ನೋಡಿ ತರಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಹೋಗಿ ‘ನಮ್ಮ ತಾತನ ಕಡತ ಕೊಡಿ’ ಎಂದರೆ ಪ್ರಯೋಜನವಿಲ್ಲ. ‘1914ರಿಂದ 1920ರವರೆಗಿನ ಸಂಸ್ಥಾನದ ಸೈನ್ಯಕ್ಕೆ ಸಂಬಂಧಿಸಿದ ಕಡತಗಳ ಸೂಚಿ’ ಎಂದು ಕೇಳಬೇಕು. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳನ್ನೂ ಸಿ. ಹಯವದನರಾಯರ ಮೈಸೂರು ಗೆಜೆಟಿಯರನ್ನೂ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಂಥ ಗ್ರಂಥಾಲಯಗಳಲ್ಲಿ ಹುಡುಕಬಹುದು. ಅವುಗಳಲ್ಲಿ ಸಾಮಾನ್ಯ ಸವಾರನ ಹೆಸರು ಸಿಗುವುದು ಕಡಿಮೆ. ಪಡೆ ಯಾವ ವರ್ಷ ಎಲ್ಲಿತ್ತು ಎಂಬುದು ಸಿಗುತ್ತದೆ.

ಸಂಸ್ಥಾನದ ಪಡೆಗಳು ಸ್ವಾತಂತ್ರ್ಯದ ನಂತರ ಭಾರತೀಯ ಸೇನೆಯಲ್ಲಿ ಬೆರೆತವು. ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಇತರ ಸಂಸ್ಥಾನಗಳ ಸವಾರರೊಂದಿಗೆ 1953ರಲ್ಲಿ ಜೈಪುರದಲ್ಲಿ ಕಟ್ಟಿದ ಪಡೆಗೆ ಸೇರಿದರು. ಅದೇ ಮುಂದೆ 61ನೇ ಕ್ಯಾವಲ್ರಿ ಎನಿಸಿತು. ಒಂದನೇ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. 1950ರ ಆಚೆಗೂ ನೌಕರಿ ಮುಂದುವರಿಸಿದ ಮೈಸೂರು ಕಾಲಾಳಿನ ಕಾಗದವನ್ನು ಹಾಗಾಗಿ ಮದ್ರಾಸ್ ರೆಜಿಮೆಂಟಿನ ನೆಲೆಯಾದ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ಕೇಳಬೇಕು.

ಎಲ್ಲವೂ ಹೈಫಾ ಆಗಿರಲಿಲ್ಲ

ಮೊದಲ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟದ್ದಲ್ಲದೆ ತಮ್ಮ ಲ್ಯಾನ್ಸರ್ಸ್ ಪಡೆಯನ್ನೂ ಕಳಿಸಿದರು. ಹೈದರಾಬಾದ್, ಜೋಧಪುರದ ಸವಾರರ ಜೊತೆ ಮೈಸೂರಿನ ಸವಾರರು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಪಟ್ಟಣವನ್ನು ಗೆದ್ದರು. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿದ್ದರೆ, ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು. ಆ ದಿನ 1,350 ಮಂದಿ ಸೆರೆ ಸಿಕ್ಕರು. 17 ಫಿರಂಗಿ, 11 ಮಷೀನ್‌ಗನ್ ವಶವಾದವು. ದೆಹಲಿಯ ತೀನ್ ಮೂರ್ತಿ ಚೌಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು.

ಈ ಕೀರ್ತಿಯಿಂದಾಗಿ ಲ್ಯಾನ್ಸರ್ಸ್‌ನಲ್ಲಿದ್ದ ಪ್ರತಿಯೊಬ್ಬ ಪೂರ್ವಜನೂ ಮನೆಮಾತಿನಲ್ಲಿ ಹೈಫಾ ವೀರನೇ. ದಿನಾಂಕ ಬೇರೆ ಕಥೆ ಹೇಳಬಹುದು. ಅದೇ ಬ್ರಿಗೇಡು ಒಂದು ತಿಂಗಳ ನಂತರ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ಮತ್ತೆ ಏರಿ ಹೋಗಿ ಹೈಫಾಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡಿತು. ಇವೆರಡರ ನಡುವೆ ಮಲೇರಿಯಾ, ಇನ್‌ಫ್ಲುಯೆಂಜಾ ಆ ಸೈನ್ಯವನ್ನೆಲ್ಲ ಹಿಂಡಿದ್ದವು. ಮರಣದ ದಿನಾಂಕ ಸಿಕ್ಕ ಕೂಡಲೇ ಆ ದಿನ ಪಡೆ ಎಲ್ಲಿತ್ತು ಎಂದು ತಾಳೆ ನೋಡುವುದು ಅದಕ್ಕೇ. ಪಡೆಗಳು ದಿನದಿನವೂ ಬರೆದಿಡುತ್ತಿದ್ದ ಯುದ್ಧ ದಿನಚರಿಗಳು ಈ ಕೆಲಸಕ್ಕೆ ಒದಗುತ್ತವೆ. ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲ ಮಹಾಯುದ್ಧದ ದಿನಚರಿಗಳು ಡಬ್ಲ್ಯುಒ 95 ಎಂಬ ಸರಣಿಯಲ್ಲಿವೆ. ಎರಡನೆಯದರ ಮಧ್ಯಪ್ರಾಚ್ಯದ ದಿನಚರಿಗಳು ಡಬ್ಲ್ಯುಒ 169, ಆಗ್ನೇಯ ಏಷ್ಯಾದವು ಡಬ್ಲ್ಯುಒ 172. ಸೂಚಿಯನ್ನು ಮನೆಯಿಂದಲೇ ನೋಡಬಹುದು.

ಮಡಿದವರ ಪಟ್ಟಿ ನೋಡುವ ಬಗೆ

ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಅದರ ಲೆಕ್ಕದಲ್ಲಿ ಮೊದಲ ಯುದ್ಧವೆಂದರೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31; ಎರಡನೆಯದು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಸಮರ ಮುಗಿದು ವರ್ಷವಾದ ಮೇಲೆ ಆಸ್ಪತ್ರೆಯಲ್ಲಿ ಸತ್ತವರೂ ಇದರಿಂದಾಗಿ ಪಟ್ಟಿಯಲ್ಲಿರಬಹುದು.

ಹೆಸರಿನ ಕಾಗುಣಿತದ ಮೇಲೆ ಭರವಸೆ ಇಡಬಾರದು. ಕನ್ನಡದ ಒಂದೇ ಮುನಿಸ್ವಾಮಿಯನ್ನು ಇಂಗ್ಲಿಷ್ ಗುಮಾಸ್ತರು ಮುನಿಸಾಮಿ, ಮುನುಸ್ವಾಮಿ, ಮುನಿಸ್ವಾಮಿ ಎಂದು ಮನಬಂದಂತೆ ಬರೆದುಕೊಂಡಿದ್ದಾರೆ. ಯಲಹಂಕದ ಮೊದಲ ಅಕ್ಷರ ‘ಯ’ ಆಗಬಹುದು, ‘ಎ’ ಆಗಬಹುದು. ಇನ್ನೊಂದು ದಾರಿ ಇದೆ. ಆ ಜಾಲತಾಣದ ‘ಹೆಚ್ಚುವರಿ ಮಾಹಿತಿ’ ಎಂಬ ಕಾಲಮ್ಮಿನಲ್ಲಿ ಹಲವರ ತಂದೆಯ ಅಥವಾ ಹೆಂಡತಿಯ ಹೆಸರು, ಊರು ದಾಖಲಾಗಿವೆ. ಅಲ್ಲಿ ಬೆಂಗಳೂರು, ಮೈಸೂರು ಎಂಬ ಹೆಸರುಗಳನ್ನು ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ, ಜೊತೆಗೆ ಪಡೆಯ ಹೆಸರು ಕೊಟ್ಟು ಹುಡುಕಿದರೆ ಪಟ್ಟಿ ಓದಬಹುದಾದಷ್ಟು ಚಿಕ್ಕದಾಗುತ್ತದೆ.

ಹೆಸರು ಯಾವ ಸ್ಮಾರಕದಲ್ಲಿದೆ ಎಂಬುದೂ ರಣರಂಗದ ಸುಳಿವೇ. ಈಜಿಪ್ಟ್, ಪ್ಯಾಲೆಸ್ಟೀನ್‌ಗಳಲ್ಲಿ ಮಡಿದ ಭಾರತೀಯರು ಕೈರೊದ ಹೆಲಿಯೊಪೊಲಿಸ್ ಸ್ಮಾರಕದಲ್ಲಿದ್ದಾರೆ. ಮೆಸಪೊಟೇಮಿಯದವರು, ಹಳ್ಳಿಗರ ಬಾಯಲ್ಲಿ ‘ಬಸ್ರಾಕ್ಕೆ ಹೋದವರು’, ಬಸ್ರಾ ಸ್ಮಾರಕದಲ್ಲಿ. ಫ್ರಾನ್ಸಿನಲ್ಲಿ ಮಡಿದು ಗೋರಿಯಿಲ್ಲದವರು ನೊವ್ ಶಾಪೆಲ್‌ನಲ್ಲಿ. ಎರಡನೆಯ ಯುದ್ಧದಲ್ಲಿ ಬರ್ಮಾದವರಿಗೆ ರಂಗೂನ್ ಸ್ಮಾರಕ, ಮಲಯಾದವರಿಗೆ ಕ್ರಾಂಜಿಯ ಸಿಂಗಪುರ ಸ್ಮಾರಕ. ಮೈಸೂರಿನವರು ಈ ಕೊನೆಯದನ್ನು ಮರೆಯದೆ ನೋಡಬೇಕು. ಒಂದನೇ ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿದ್ದಾಗಲೇ 1942ರ ಫೆಬ್ರುವರಿ 15ರಂದು ಆ ದ್ವೀಪ ಜಪಾನಿಗೆ ಶರಣಾಯಿತು. ‘ಸಿಂಗಪುರಕ್ಕೆ ಹೋದವನು ಮೂರೂವರೆ ವರ್ಷ ಕಾಗದವನ್ನೇ ಹಾಕಲಿಲ್ಲ’ ಎಂಬ ಮಾತು ಮನೆಯಲ್ಲಿದ್ದರೆ ಅದು ಯುದ್ಧಕೈದಿಯ ಕಥೆಯಾಗಿರಬಹುದು. ಸೆರೆ ಸಿಕ್ಕ ಭಾರತೀಯರಲ್ಲಿ ಸಾವಿರಾರು ಮಂದಿ ಆಜಾದ್ ಹಿಂದ್ ಫೌಜ್ ಸೇರಿದರು. ಅದಕ್ಕೆ ಸಂಬಂಧಿಸಿದ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ‘ಅಭಿಲೇಖ್ ಪಟಲ್’ ಎಂಬ ಅದರ ಜಾಲತಾಣದಲ್ಲಿ ಸೂಚಿ ನೋಡಿ, ಗಣಕೀಕರಣವಾದ ಕಡತಗಳನ್ನು ಓದಬಹುದು.

ಯುದ್ಧಕಾಲದಲ್ಲಿ ಊರು ಬಿಡದೆ ‘ಮಿಲಿಟ್ರಿ ಕ್ಯಾಂಪಿನಲ್ಲಿದ್ದವರೂ’ ಈ ಭಾಗದಲ್ಲಿ ಹೆಚ್ಚು. 1944ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ ಸ್ಕ್ವಾಡ್ರನ್‌ಗಳು ಯಲಹಂಕದಲ್ಲಿ ಬೀಡುಬಿಟ್ಟು ಹೊಸ ಮಾಸ್ಕಿಟೊ ವಿಮಾನಗಳನ್ನು ಪಳಗಿಸಿಕೊಳ್ಳುತ್ತಿದ್ದವು. ಜಾಲಹಳ್ಳಿಯಲ್ಲಿ ದೊಡ್ಡ ಮಿಲಿಟರಿ ಆಸ್ಪತ್ರೆಗಳಿದ್ದವು. 1940ರ ಡಿಸೆಂಬರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಇಂಥ ಕಡೆ ಕೆಲಸ ಮಾಡಿದವರಲ್ಲಿ ಅಡುಗೆಯವರು, ದೋಬಿಗಳು, ಗಾರೆ ಕೆಲಸದವರು, ಫಿಟ್ಟರುಗಳು ಇದ್ದರು. ಸೇನೆಗೆ ವಿಧಿವತ್ತಾಗಿ ಸೇರಿದ ‘ಫಾಲೋವರ್’ ಆಗಿದ್ದರೆ ಸೇನೆಯ ಕಾಗದ ಇರುತ್ತದೆ. ಗುತ್ತಿಗೆದಾರನ ಕೈಕೆಳಗೆ ದಿನಗೂಲಿಯಾಗಿದ್ದರೆ ಸೇನೆಯ ದಫ್ತರದಲ್ಲಿ ಅವರನ್ನು ಹುಡುಕುವುದು ವ್ಯರ್ಥ. ಮನೆಯ ಗುರುತಿನ ಚೀಟಿ, ಪಾಸು, ಫೋಟೊಗಳೇ ಆಧಾರ.

ಸ್ವಾತಂತ್ರ್ಯದ ನಂತರದವರು: ರೆಕಾರ್ಡ್ಸ್ ಕಚೇರಿ

1948ರ ಕಾಶ್ಮೀರದಿಂದ 1999ರ ಕಾರ್ಗಿಲ್‌ವರೆಗೆ ಸೇವೆ ಸಲ್ಲಿಸಿದವರ ವಿಷಯದಲ್ಲಿ ದಾರಿ ಸ್ವಲ್ಪ ಸಲೀಸು. ಅಧಿಕಾರಿಗಳನ್ನು ಬಿಟ್ಟರೆ, ಪ್ರತಿ ಸೈನಿಕನ ಸೇವಾ ದಾಖಲೆ ಅವನ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ಸ್ ಕಚೇರಿಯಲ್ಲಿರುತ್ತದೆ. ಬೆಂಗಳೂರಿನವರ ಅದೃಷ್ಟಕ್ಕೆ ಹಲವು ಕಚೇರಿ ಊರಲ್ಲೇ ಇವೆ: ಮದ್ರಾಸ್ ಎಂಜಿನಿಯರ್ ಗ್ರೂಪ್, ಪ್ಯಾರಾಚೂಟ್ ರೆಜಿಮೆಂಟ್, ಆರ್ಮಿ ಸರ್ವಿಸ್ ಕೋರ್‌ನ ದಕ್ಷಿಣ ವಿಭಾಗ, ಮಿಲಿಟರಿ ಪೊಲೀಸ್, ಪಯೊನಿಯರ್ ಕೋರ್. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಫಿರಂಗಿ ಪಡೆಯವರಿಗೆ ನಾಸಿಕ್ ರೋಡ್, ಟ್ಯಾಂಕ್ ಪಡೆಯವರಿಗೆ ಅಹ್ಮದ್‌ನಗರ, ಸಿಗ್ನಲ್ಸ್‌ನವರಿಗೆ ಜಬಲ್ಪುರ, ಯಂತ್ರ ದುರಸ್ತಿಯ ಇಎಂಇ ಕೋರ್‌ನವರಿಗೆ ಸಿಕಂದರಾಬಾದ್, ವೈದ್ಯಕೀಯ ಕೋರ್‌ನವರಿಗೆ ಲಖನೌ. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರೊತೊ ಪಾರ್ಕಿನಲ್ಲಿ, ನೌಕಾಪಡೆಯ ನಾವಿಕರದ್ದು ಮುಂಬಯಿಯ ಮಾನ್‌ಖುರ್ದ್‌ನಲ್ಲಿ.

ಪಡೆ ಯಾವುದೆಂದು ಗೊತ್ತಿಲ್ಲದೆ ನಂಬರು ಮಾತ್ರ ಇದ್ದರೆ? ಸಿಪಾಯಿಗಳ ನಂಬರುಗಳನ್ನು ಕೋರ್‌ವಾರು ಹಂಚಿದ್ದರಿಂದ ತಿಳಿದವರು ನಂಬರು ನೋಡಿಯೇ ಪಡೆ ಹೇಳಬಲ್ಲರು. ಐಸಿ ಎಂದು ಶುರುವಾದರೆ ಅಧಿಕಾರಿ, ಜೆಸಿ ಎಂದಿದ್ದರೆ ಜೂನಿಯರ್ ಕಮಿಷನ್ಡ್ ಅಧಿಕಾರಿ. ಇದರಲ್ಲಿ ನೆರವು ಬೇಕಾದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಬಹುದು. ರಾಜ್ಯ ಇಲಾಖೆಯ ಕೇಂದ್ರ ಕಚೇರಿ ಇರುವುದು ರೆಸಿಡೆನ್ಸಿ ರಸ್ತೆಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿ. ನಿವೃತ್ತ ಸೈನಿಕರೂ ವಿಧವೆಯರೂ ಅಲ್ಲಿ ನೋಂದಾಯಿಸಿಕೊಂಡಿರುವುದರಿಂದ, ಮನೆಯಲ್ಲಿ ಕಳೆದುಹೋದ ನಂಬರು ಆ ಕಡತದಲ್ಲಿ ಸಿಗುವ ಸಾಧ್ಯತೆ ಉಂಟು.

ರೆಕಾರ್ಡ್ಸ್ ಕಚೇರಿಗೆ ಬರೆಯುವ ಪತ್ರ ಒಂದು ಪುಟ ಮೀರಬಾರದು. ನಂಬರು, ದರ್ಜೆ, ಹೆಸರು, ತಂದೆಯ ಹೆಸರು, ಸೇರಿದಾಗಿನ ಊರು, ತಾಲ್ಲೂಕು, ಅಂದಾಜು ವರ್ಷಗಳು ಇರಲಿ. ಮರಣಪತ್ರ ಮತ್ತು ವಂಶವೃಕ್ಷದ ಪ್ರತಿಗಳನ್ನು ಲಗತ್ತಿಸಬೇಕು. ಮೂಲ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಲೇಬಾರದು.

‘ದಾಖಲೆ ನಾಶಪಡಿಸಲಾಗಿದೆ’ ಎಂಬ ಉತ್ತರ ಬಂದರೆ ಕೈಚೆಲ್ಲುವುದು ಬೇಡ. ಪಿಂಚಣಿ ಇಲ್ಲದೆ ಹೊರಬಂದ ಸೈನಿಕರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಿಯಮದಂತೆ ನಾಶ ಮಾಡುತ್ತಾರೆ. ಆದರೆ ‘ಲಾಂಗ್ ರೋಲ್’ ಎಂಬ ದಪ್ಪ ರಿಜಿಸ್ಟರಿನಲ್ಲಿ ಸೇರ್ಪಡೆ, ಬಿಡುಗಡೆಯ ಸಂಕ್ಷಿಪ್ತ ನಮೂದು ಉಳಿಯುತ್ತದೆ. ‘ಲಾಂಗ್ ರೋಲ್ ನಮೂದಿನ ಪ್ರತಿ ಕೊಡಿ’ ಎಂದು ಹೆಸರಿಟ್ಟು ಕೇಳಿದವರಿಗೆ ಉತ್ತರ ಬೇರೆಯಾಗಬಹುದು.

ಪತ್ರಕ್ಕೆ ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು. ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ 10 ರೂಪಾಯಿ ಶುಲ್ಕ, 30 ದಿನದ ಗಡುವು. ಖಾಸಗಿ ಮಾಹಿತಿ ಎಂದು ನಿರಾಕರಿಸಿದರೆ ಕಾಯ್ದೆಯ 8(3)ನೇ ಉಪಕಲಮನ್ನು ಉಲ್ಲೇಖಿಸಿ ಮೇಲ್ಮನವಿ ಹಾಕಬಹುದು. 20 ವರ್ಷಕ್ಕಿಂತ ಹಿಂದಿನ ಘಟನೆಗಳ ಮಾಹಿತಿಯನ್ನು, ದೇಶದ ಭದ್ರತೆಯಂಥ ಕೆಲವು ಕಾರಣಗಳನ್ನು ಬಿಟ್ಟರೆ, ಕೊಡಬೇಕೆನ್ನುತ್ತದೆ ಅದು. ಭೂ, ನೌಕಾ, ವಾಯುಪಡೆಗಳು ಈ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಗೃಹ ಇಲಾಖೆಯ ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್ ಎರಡನೇ ಅನುಸೂಚಿಯಲ್ಲಿರುವುದರಿಂದ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ವಿಷಯ ಬಿಟ್ಟು ಉಳಿದದ್ದಕ್ಕೆ ವಿನಾಯಿತಿ ಪಡೆದಿವೆ. 1965ರ ಡಿಸೆಂಬರಿನಲ್ಲಿ ಹುಟ್ಟಿ 1971ರಲ್ಲಿ ಹೋರಾಡಿದ ಬಿಎಸ್‌ಎಫ್‌ನವರ ಮನೆಯವರು ಹಾಗಾಗಿ ಆ ಪಡೆಯ ಕಚೇರಿಗೇ ನೇರವಾಗಿ ವಿನಂತಿ ಸಲ್ಲಿಸಬೇಕಾಗುತ್ತದೆ.

ಹುತಾತ್ಮರ ಹೆಸರುಗಳನ್ನು 2019ರಲ್ಲಿ ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಜಾಲತಾಣದಲ್ಲಿ ಹುಡುಕಬಹುದು. ಶೌರ್ಯ ಪದಕ ಪಡೆದವರ ಪ್ರಶಸ್ತಿ ಪಾಠ ಕೇಂದ್ರ ಸರ್ಕಾರದ ಶೌರ್ಯ ಪ್ರಶಸ್ತಿಗಳ ಪೋರ್ಟಲ್‌ನಲ್ಲಿದೆ. ಪಡೆಗಳ ಯುದ್ಧ ದಿನಚರಿಯಂಥ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗಕ್ಕೆ ತರಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿತು.

ತಾಲ್ಲೂಕು ಕಚೇರಿಯನ್ನು ಮರೆಯಬೇಡಿ

ಸೈನಿಕನ ಹೆಜ್ಜೆ ಕಂದಾಯ ದಾಖಲೆಯಲ್ಲೂ ಮೂಡಿರುತ್ತದೆ. ಮಾಜಿ ಸೈನಿಕರಿಗೆ ಸರ್ಕಾರಿ ಜಮೀನು ಮಂಜೂರು ಮಾಡುವ ಪದ್ಧತಿ ಹಳೆಯದು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲೂ ಅವರಿಗೆ ಮೀಸಲು ಇದೆ. ಯಲಹಂಕ ಸುತ್ತಿನ ಹಳ್ಳಿಯ ಜಮೀನು ‘ಸೈನಿಕ ಕೋಟಾ’ದಲ್ಲಿ ಬಂದದ್ದೆಂದು ಮನೆಯಲ್ಲಿ ಹೇಳುತ್ತಿದ್ದರೆ, ಸಾಗುವಳಿ ಚೀಟಿ, ಮ್ಯುಟೇಷನ್ ಮತ್ತು ಮಂಜೂರಾತಿ ಕಡತದ ದೃಢೀಕೃತ ಪ್ರತಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಬೇಕು. ಮಂಜೂರಾತಿಗೆ ಸೇವಾ ಪುರಾವೆ ಕೊಡಬೇಕಿದ್ದರಿಂದ, ಮನೆಯಲ್ಲಿ ಕಳೆದ ಡಿಸ್ಚಾರ್ಜ್ ಪುಸ್ತಕದ ನಕಲು ಆ ಕಡತದೊಳಗೆ ಇದ್ದರೂ ಇರಬಹುದು.

1962, 1965, 1971ರ ಸುದ್ದಿಗಳಿಗೆ ಅಂದಿನ ಪತ್ರಿಕೆಗಳ ಹಳೆಯ ಸಂಪುಟಗಳಿವೆ. ‘ಪ್ರಜಾವಾಣಿ’ 1948ರಿಂದ, ‘ತಾಯಿನಾಡು’ ಅದಕ್ಕೂ ಮುಂಚಿನಿಂದ ಬರುತ್ತಿದ್ದವು. ದಿನಾಂಕ ಗೊತ್ತಿದ್ದರೆ ಮುಂದಿನ ಎರಡು ವಾರದ ಪುಟಗಳನ್ನು ತಿರುವಿದರೆ ಸಾಕು. ಗೊತ್ತಿಲ್ಲದಿದ್ದರೆ ಈ ಕೆಲಸವನ್ನು ಕೊನೆಗಿಡುವುದು ಲೇಸು.

ಪಟ್ಟಿಯಲ್ಲೇ ಇಲ್ಲದಿದ್ದರೆ

ಎಲ್ಲ ದಾರಿ ನಡೆದರೂ ಕೆಲವರ ಹೆಸರು ಸಿಗುವುದಿಲ್ಲ. ಅದರಿಂದ ಮನೆಯ ಮಾತು ಸುಳ್ಳೆಂದಾಗುವುದಿಲ್ಲ. ವಾರ್ ಗ್ರೇವ್ಸ್ ಕಮಿಷನ್ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ತನ್ನದೇ ತನಿಖಾ ವರದಿಯಲ್ಲಿ, ಮೊದಲ ಮಹಾಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಮಂದಿಯನ್ನು, ಬಹುಶಃ 3,50,000 ಮಂದಿಯನ್ನು, ಹೆಸರಿಟ್ಟು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಒಪ್ಪಿಕೊಂಡಿತು. ಅವರಲ್ಲಿ ಹೆಚ್ಚಿನವರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರು. ಇನ್ನೂ 45,000ದಿಂದ 54,000 ಮಂದಿಗೆ, ಅವರಲ್ಲಿ ಭಾರತೀಯರೂ ಸೇರಿದಂತೆ, ಬಿಳಿಯ ಸೈನಿಕರಿಗೆ ಸಮಾನವಾದ ಗೌರವ ಸಿಕ್ಕಿಲ್ಲ ಎಂದಿತು. ಬಿಟ್ಟುಹೋದ ಹೆಸರನ್ನು ಸೇರಿಸಲು, ತಪ್ಪಾದ ಕಾಗುಣಿತ ತಿದ್ದಲು ಆಧಾರಸಹಿತ ಮನವಿಗಳನ್ನು ಕಮಿಷನ್ ಸ್ವೀಕರಿಸುತ್ತದೆ. ಸೇವೆಯಲ್ಲಿದ್ದದ್ದಕ್ಕೆ ಒಂದು, ಕಮಿಷನ್ನಿನ ಲೆಕ್ಕದ ಯುದ್ಧಾವಧಿಯೊಳಗೆ ತೀರಿಕೊಂಡದ್ದಕ್ಕೆ ಒಂದು, ಹೀಗೆ ಎರಡು ಪುರಾವೆ ಬೇಕು. ಅಂಚಿನಲ್ಲಿ ಹೆಸರಿರುವ ಪದಕ, ಅಜ್ಜಿಗೆ ಬಂದ ವಿಧವಾ ಪಿಂಚಣಿಯ ಆದೇಶ, ಪತ್ರಾಗಾರದ ಕಡತದ ದೃಢೀಕೃತ ಪ್ರತಿಗಳನ್ನು ಸ್ಕ್ಯಾನ್ ಮಾಡಿ, ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಜೋಡಿಸಿ ಕಮಿಷನ್ನಿಗೆ ಕಳಿಸಬಹುದು.